ಅಲಬಾಮಾ: ಅಮೆರಿಕದ ಎರೆಸೀಮೆ

ನವಿಲುತೀರ್ಥದ ಅಣೆಕಟ್ಟು ನೋಡಲು ಬಂದ ಹುಡುಗರಿಗೆ ಅಮೆರಿಕದ ಭೂಗೋಳ ಹೇಳುವುದು ನನ್ನ ಹಳೆಯ ಚಟ. ಮಲಪ್ರಭೆ ಕೊರೆದ ಕಲ್ಲುಕಣಿವೆ ಬೆನ್ನಿಗೆ, ಗುಡ್ಡ ಇಳಿದರೆ ಎರೆಹೊಲ. "ಅಮೆರಿಕಾದಾಗೂ ಎರಿ ಹೊಲ ಅದಾವೇನ್ರಿ ಸರ್?" ಎಂದು ಒಬ್ಬನಾದರೂ ಕೇಳುತ್ತಾನೆ. ಅದಾವಪ್ಪ. ಅಲಬಾಮಾಕ್ಕೆ ಹೋಗೋಣ.

ಮೊದಲು ಲೆಕ್ಕ ಮುಗಿಸಿಬಿಡೋಣ. ವಿಸ್ತೀರ್ಣ ಸುಮಾರು 1.35 ಲಕ್ಷ ಚದರ ಕಿ.ಮೀ.; ಕರ್ನಾಟಕದ ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ. ಜನ 2020ರ ಗಣತಿಯಂತೆ 50 ಲಕ್ಷ. ನಮ್ಮ ಬೆಳಗಾವಿ ಜಿಲ್ಲೆಯೊಂದರಲ್ಲೇ 2011ರಲ್ಲಿ 47 ಲಕ್ಷ ದಾಟಿತ್ತು! ಉತ್ತರಕ್ಕೆ ಅಪಲೇಚಿಯನ್ ಬೆಟ್ಟಸಾಲಿನ ಬಾಲ, ದಕ್ಷಿಣಕ್ಕೆ ಮೊಬೈಲ್ ಎಂಬ ಬಂದರು, ನಡುವೆ ರಾಜಧಾನಿ ಮಾಂಟ್‌ಗೊಮರಿ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಒಂದೇ ಕಡೆ ಸಿಕ್ಕಿದ್ದರಿಂದ ಬರ್ಮಿಂಗ್‌ಹ್ಯಾಮ್ ಉಕ್ಕಿನ ಊರಾಯಿತು. ಹಂಟ್ಸ್‌ವಿಲ್‌ನಲ್ಲಿ ರಾಕೆಟ್ಟು, ಟಸ್ಕಲೂಸಾ ಹತ್ತಿರ ಮರ್ಸಿಡಿಸ್ ಕಾರು. ಪರೀಕ್ಷೆಗೆ ಇಷ್ಟು ಸಾಕು.

ಎಡವುವುದು ಮುಂದೆ. ರಾಜ್ಯದ ನಡುವೆ ಅಡ್ಡಲಾಗಿ ಹಾದ ಪಟ್ಟಿಗೆ 'ಬ್ಲ್ಯಾಕ್ ಬೆಲ್ಟ್' ಎಂದು ಹೆಸರು. ಕಪ್ಪು ಜನ ಹೆಚ್ಚಿರುವುದರಿಂದ ಆ ಹೆಸರು ಬಂತು ಅಂತ ಬಹಳ ಮಂದಿ ತಿಳಿದಿದ್ದಾರೆ. ಮೊದಲು ಕಪ್ಪು ಎನಿಸಿಕೊಂಡದ್ದು ಮಣ್ಣು. ಆ ಮಣ್ಣಿಗೆ ಹತ್ತಿ ಬಂತು, ಹತ್ತಿ ಬಿಡಿಸಲು ಗುಲಾಮರನ್ನು ತಂದರು. 1860ರ ಗಣತಿಯಲ್ಲಿ ರಾಜ್ಯದ 9.64 ಲಕ್ಷ ಜನರಲ್ಲಿ 4.35 ಲಕ್ಷ ಮಂದಿ ಗುಲಾಮರು. ಇವರ ಸಂತತಿಯೇ 1965ರಲ್ಲಿ ಮತದ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗರ ಜೊತೆ ಸೆಲ್ಮಾದಿಂದ ಮಾಂಟ್‌ಗೊಮರಿಗೆ ನಡೆಯಿತು. ಆ ದಾರಿ ಹಾದದ್ದೂ ಇದೇ ಎರೆನಾಡಿನಲ್ಲಿ.

ದಖ್ಖಣದ ಎರೆ ಬಹುಪಾಲು ಜ್ವಾಲಾಮುಖಿಯ ಬಸಾಲ್ಟ್ ಕಲ್ಲು ಸವೆದು ಆದದ್ದು. ಅಲಬಾಮಾದ್ದು ಡೈನೋಸಾರ್ ಕಾಲದ ಸಮುದ್ರದ ತಳದಲ್ಲಿ ಕೂತ ಸೀಮೆಸುಣ್ಣದಿಂದ ಹುಟ್ಟಿದ್ದು. ತಾಯಿ ಬೇರೆ, ಗುಣ ಒಂದೇ. ಎರಡರಲ್ಲೂ ಇರುವ ಜೇಡಿಯ ಕಣ ತೆಳ್ಳನೆಯ ಹಾಳೆಗಳ ಕಟ್ಟು ಇದ್ದಂತೆ. ಹಾಳೆಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದಕ್ಕೇ. ಮೇಲಿನ ಪುಡಿಮಣ್ಣು ಆ ಬಾಯೊಳಗೆ ಬೀಳುತ್ತದೆ, ಮಳೆಗೆ ಬಾಯಿ ಮುಚ್ಚಿಕೊಳ್ಳುತ್ತದೆ, ಕೆಳಗಿನದು ಮೇಲಕ್ಕೆ ಒತ್ತಿಕೊಂಡು ಬರುತ್ತದೆ. ನೇಗಿಲಿಲ್ಲದೆ ನೆಲ ತನ್ನನ್ನು ತಾನೇ ಮಗುಚಿಹಾಕಿಕೊಳ್ಳುತ್ತದೆ! ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಹಿಂಗಾರಿ ಜೋಳ ಒಳಗಿನ ಹಸಿ ಹೀರಿಕೊಂಡೇ ತೆನೆಗೆ ಬರುವುದೂ ಈ ಜೇಡಿಯ ಕೃಪೆ.

ಎರೆಗೆ ನೀರು ಕೊಟ್ಟಷ್ಟೂ ಬಂಗಾರ ಎಂಬುದು ಇನ್ನೊಂದು ತಪ್ಪು. ಉಬ್ಬಿದ ಜೇಡಿ ನೀರನ್ನು ಕೆಳಗೆ ಬಿಡುವುದಿಲ್ಲ. ಬಸಿಗಾಲುವೆ ಇಲ್ಲದ ಹೊಲಕ್ಕೆ ಕಾಲುವೆ ನೀರು ಕಟ್ಟುತ್ತಲೇ ಹೋದರೆ ಉಪ್ಪು ಮೇಲೇರಿ ಸವಳು, ನೀರು ನಿಂತು ಜವಳು. ಮಲಪ್ರಭೆಯ ಕಾಲುವೆಗಳ ಕೆಳಗಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲಬಾಮಾದವರು ಇದೇ ಗುಣವನ್ನು ತಿರುವಿ ಬಳಸಿಕೊಂಡರು. ಮಣ್ಣು ಕೊಚ್ಚಿಹೋಗಿ, ಕಾಯಿಕೊರಕ ಮೂತಿಹುಳ ಬಿದ್ದು ಹತ್ತಿ ಸೋತ ಮೇಲೆ ಎರೆಯಲ್ಲಿ ದನದ ಹುಲ್ಲುಗಾವಲು ಮಾಡಿದರು, ಹೊಂಡ ತೋಡಿ ಕ್ಯಾಟ್‌ಫಿಶ್ ಸಾಕಿದರು. ನೀರು ಇಂಗದ ನೆಲ ಮೀನಿಗೆ ಹೇಳಿ ಮಾಡಿಸಿದ್ದು. (ಎರೆಪಟ್ಟಿಯ ಆಚೆಗಿನ ಎಂಟರ್‌ಪ್ರೈಸ್ ಊರಿನವರು, ಹುಳದ ಕಾಟದಿಂದಲೇ ಶೇಂಗಾಕ್ಕೆ ಹೊರಳಿ ದುಡ್ಡು ಕಂಡೆವೆಂದು 1919ರಲ್ಲಿ ಆ ಹುಳಕ್ಕೇ ಸ್ಮಾರಕ ನಿಲ್ಲಿಸಿದರು!)

ಅಮೆರಿಕದ ದಕ್ಷಿಣಕ್ಕೂ ನಮಗೂ ಹಳೆಯ ನಂಟೂ ಇದೆ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಲ್ಲಿನ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಬೇರೆಡೆ ಬಹುಮಟ್ಟಿಗೆ ಕೈಕೊಟ್ಟ ಅವರ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡ ಸೀಮೆಯಲ್ಲಿ ಹಿಡಿಯಿತು. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಬಟ್ಟೆ ಗಿರಣಿಗಳಿಗೆ ಅದು 'ಧಾರವಾಡ ಅಮೆರಿಕನ್' ಆಯಿತು. ನಮ್ಮ ನಾಟಿ ತಳಿಗೆ ಮಾತ್ರ ಪೇಟೆಯವರು ಇಟ್ಟ ಹೆಸರು 'ಕುಮಟಾ ಹತ್ತಿ'. ಕುಮಟಾದಲ್ಲಿ ಹತ್ತಿ ಬೆಳೆದದ್ದಲ್ಲ, ಅಲ್ಲಿಂದ ಹಡಗು ಹತ್ತುತ್ತಿತ್ತು. ನ್ಯೂ ಆರ್ಲಿಯನ್ಸ್ ಕೂಡ ಬಂದರೇ. ಬೆಳೆದ ಹೊಲದ ಹೆಸರು ಎರಡಕ್ಕೂ ಅಂಟಲಿಲ್ಲ.

ಓದುವ ಹುಡುಗರಲ್ಲಿ ನನ್ನದೊಂದು ಬೇಡಿಕೆ. ಏಪ್ರಿಲ್‌ನಲ್ಲಿ ಕಾಲುವೆ ನೀರು ಮುಟ್ಟದ ಎರೆಹೊಲಕ್ಕೆ ಹೋಗಿ, ಬಿರುಕಿನೊಳಗೆ ಒಂದು ಜೋಳದ ದಂಟು ಇಳಿಸಿ. ಎಷ್ಟು ಗೇಣು ಹೋಯಿತೆಂದು ಬರೆದಿಟ್ಟುಕೊಳ್ಳಿ. ಮೊದಲ ದೊಡ್ಡ ಮಳೆಯ ಮರುದಿನ ಅದೇ ಜಾಗಕ್ಕೆ ಮತ್ತೆ ಹೋಗಿ. ಚಪ್ಪಲಿ ಮಾತ್ರ ಬದುವಿನ ಮೇಲೆ ಬಿಟ್ಟಿರಿ.