ಬಿಸಿಲೂರಿನ ಮನೆಯಲ್ಲಿ ಹವಳದ ತೊಟ್ಟಿ

ಕರಿಮಣಿ ಜೊತೆ ಪೋಣಿಸಿದ ಎರಡು ಕೆಂಪು ಹವಳ ನಮ್ಮಲ್ಲಿ ಎಷ್ಟೋ ಹೆಂಗಸರ ಕೊರಳಲ್ಲಿ ಇರುತ್ತೆ. ಆದರೆ ಜೀವಂತ ಹವಳ ನೋಡಿದ್ದೀರಾ? ಗಾಜಿನ ತೊಟ್ಟಿಯೊಳಗೆ ನೀಲಿ ಬೆಳಕಲ್ಲಿ ಹೂವಿನ ಹಾಗೆ ಅರಳಿಕೊಂಡು, ನಡುವೆ ಕಿತ್ತಳೆ ಪಟ್ಟೆಯ ಕ್ಲೌನ್ ಮೀನು ಓಡಾಡಿಕೊಂಡು... ಮೊಬೈಲಿನಲ್ಲಿ ಅಂಥದ್ದೊಂದು ವಿಡಿಯೋ ನೋಡಿದ ಮಗ ‘ಅವ್ವಾ, ನಮ್ಮನೇಲೂ ಒಂದು ಮಾಡೋಣ’ ಅಂತ ಹಟ ಹಿಡಿದರೆ ನೀವೇನು ಮಾಡ್ತೀರಿ? ‘ಹೋಗೋ, ಕುಡಿಯೋ ನೀರಿಗೇ ಪರದಾಟ, ಸಮುದ್ರ ಎಲ್ಲಿಂದ ತರಲಿ’ ಅಂತ ಗದರಿಸಬಹುದು. ಗದರಿಸುವ ಮುಂಚೆ ಇದನ್ನೊಮ್ಮೆ ಓದಿ. ಹೂಂ ಅನ್ನೋ ಮುಂಚೆಯೂ ಓದಿ!

ಹಗರಿಬೊಮ್ಮನಹಳ್ಳಿಯಲ್ಲಿರುವ ನಮ್ಮ ಅತ್ತಿಗೆ ಓದದೇ ಹೂಂ ಅಂದಿದ್ದರು. ಮಗನ ಆಸೆಗೆ ಸಂಘದಲ್ಲಿ ಸಾಲ ಎತ್ತಿ, ನಾಲ್ಕು ಅಡಿಯ ಉಪ್ಪುನೀರಿನ ತೊಟ್ಟಿ ಮಾಡಿಸಿಕೊಟ್ಟರು. ಮೂರು ತಿಂಗಳು ಚೆನ್ನಾಗೇ ಇತ್ತು. ಮೇ ತಿಂಗಳಲ್ಲಿ ಕೊಟ್ಟೂರಿನಲ್ಲೊಂದು ಮದುವೆ. ಕಿಟಕಿ ಬಾಗಿಲು ಭದ್ರ ಮಾಡಿ ಎರಡು ದಿನ ಹೋಗಿಬಂದರು. ಅಷ್ಟರಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಸಂಜೆಯವರೆಗೂ ಬಂದಿರಲಿಲ್ಲವಂತೆ. ವಾಪಸ್ ಬಂದು ನೋಡಿದರೆ ನೀರು ಹಾಲು ಕಲಸಿದಂಗೆ ಬೆಳ್ಳಗಾಗಿದೆ, ಮೀನೆಲ್ಲ ಮೇಲೆ ತೇಲುತ್ತಿವೆ, ಥರ್ಮಾಮೀಟರ್ 34 ತೋರಿಸ್ತಿದೆ. ‘ಬೇಯಿಸಿಟ್ಟಂಗ ಆಗೈತ್ರಿ’ ಅಂತ ಅತ್ತಿಗೆ ಫೋನಿನಲ್ಲಿ ಅತ್ತರು. ಸಾಲದ ಕಂತು ಮಾತ್ರ ಇನ್ನೂ ಹದಿನಾಲ್ಕು ವಾರ ಬಾಕಿ ಇತ್ತು.

ಅವರು ತಪ್ಪಿದ್ದು ಎಲ್ಲಿ? ತೊಟ್ಟಿ, ಮೀನು, ಬಂಡೆಗಲ್ಲಿಗೆ ದುಡ್ಡು ಸುರಿದಿದ್ದರು. ಬೆಳಕು ಮತ್ತು ತಂಪು, ಈ ಎರಡರ ಲೆಕ್ಕ ಯಾರೂ ಹೇಳಿರಲಿಲ್ಲ. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆ ಈ ಎರಡೇ ಮುಖ್ಯ.

ಹವಳಕ್ಕೆ ಬೆಳಕೇ ಊಟ

ಕೊರಳಿನ ಕೆಂಪು ಹವಳ ಸಮುದ್ರದ ಮಬ್ಬುಗತ್ತಲಲ್ಲಿ ಬೆಳೆಯೋ ಜಾತಿ. ತೊಟ್ಟಿಯಲ್ಲಿ ಸಾಕುವ ಬಹುಪಾಲು ಹವಳ ಹಾಗಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬಾಡಿಗೆದಾರರ ಹಾಗೆ ವಾಸ ಮಾಡ್ತವೆ. ಅವು ಬೆಳಕಿನಿಂದ ಸಕ್ಕರೆ ತಯಾರಿಸಿ ಹವಳಕ್ಕೆ ಬಾಡಿಗೆ ಕಟ್ತವೆ. ಹವಳದ ಊಟದಲ್ಲಿ ದೊಡ್ಡ ಪಾಲು ಇದೇ. ಆದ್ದರಿಂದ ಲೈಟು ಇಲ್ಲಿ ಬರೀ ಅಲಂಕಾರಕ್ಕಲ್ಲ. ನೀರು ತೀರಾ ಬಿಸಿಯಾದರೆ ಹವಳ ಆ ಬಾಡಿಗೆದಾರರನ್ನೇ ಹೊರಹಾಕಿ ಬೆಳ್ಳಗಾಗುತ್ತೆ, ಆಮೇಲೆ ಹಸಿವಿನಿಂದ ಸಾಯುತ್ತೆ. ಲಕ್ಷದ್ವೀಪದ ಸಮುದ್ರದಲ್ಲೇ 1998, 2016, 2024ರಲ್ಲಿ ಹೀಗೆ ಹವಳ ಬಿಳಿಚಿಕೊಂಡಿತ್ತು. ಅಷ್ಟು ದೊಡ್ಡ ಕಡಲಿನಲ್ಲೇ ಹೀಗಾದರೆ ನಮ್ಮ ಪಡಸಾಲೆಯ ತೊಟ್ಟಿ ಯಾವ ಲೆಕ್ಕ?

ಮೊದಲೆಲ್ಲ ಇಂಥ ತೊಟ್ಟಿಗೆ ಮೆಟಲ್ ಹ್ಯಾಲೈಡ್ ದೀಪ ಹಾಕ್ತಿದ್ದರು. ಒಂದೊಂದೂ 150, 250 ವಾಟ್. ಬೆಳಕೇನೋ ಹಗಲಿನ ಸೂರ್ಯನ ಹಾಗೇ, ಆದರೆ ಬಿಸಿಯೂ ಹಾಗೇ! ಇವತ್ತಿಗೂ ಯಾರಾದರೂ ‘ಸೆಕೆಂಡ್ ಹ್ಯಾಂಡ್, ಅಗ್ಗ’ ಅಂತ ತಂದುಕೊಟ್ಟರೆ ನಮ್ಮ ಊರಿಗೆ ಬೇಡವೇ ಬೇಡ. ಐದು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಅಂದ್ರೆ ಸುಮಾರು 500 ಲೀಟರ್ ನೀರು. ಇದು ಒಂದು ಡಿಗ್ರಿ ಬಿಸಿಯಾಗೋಕೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಶಾಖ ಸಾಕು. 250 ವಾಟಿನ ಎರಡು ಹ್ಯಾಲೈಡ್ ದೀಪ ಎಂಟು ತಾಸು ಉರಿದರೆ ನಾಲ್ಕು ಯೂನಿಟ್. ಅದರಲ್ಲಿ ಅರ್ಧ ನೀರಿಗೆ ಇಳಿದರೂ ಮೂರು ಡಿಗ್ರಿಗಿಂತ ಹೆಚ್ಚು ಏರುವಷ್ಟು ಶಾಖವಾಯಿತು. ನೀವೇ ಗುಣಾಕಾರ ಮಾಡಿ ನೋಡಿ.

ಈಗ ಎಲ್ಇಡಿ ಇದೆ. ಮೆದು ಹವಳಗಳ ತೊಟ್ಟಿಯಾದರೆ 150 ವಾಟ್ ಆಸುಪಾಸಿನಲ್ಲಿ ಕೆಲಸ ಆಗುತ್ತೆ. ಅದರ ಬಿಸಿ ಹೆಚ್ಚಾಗಿ ಮೇಲಿನ ಲೋಹದ ರೆಕ್ಕೆಗಳಿಂದ ಗಾಳಿಗೇ ಹೋಗುತ್ತೆ, ಹಾಗಾಗಿ ದೀಪದ ಮೇಲೆ ಗೋಣಿತಾಟು, ಕರವಸ್ತ್ರ, ಪೂಜೆಯ ಹೂವು ಏನೂ ಇಡಬೇಡಿ. ಕೊಳ್ಳುವಾಗ ನೀಲಿ ಮತ್ತು ಬಿಳಿ ಬೇರೆ ಬೇರೆ ಹೆಚ್ಚು ಕಡಿಮೆ ಮಾಡಬಹುದಾ ಕೇಳಿ. ಸಮುದ್ರದ ಆಳಕ್ಕೆ ಇಳಿಯೋದು ನೀಲಿ ಬೆಳಕು, ಹವಳದ ಪಾಚಿಗೂ ಅದೇ ಇಷ್ಟ. ಬರೀ ಬಿಳಿ ಟ್ಯೂಬ್‌ಲೈಟ್ ಹಾಕಿದರೆ ಗಾಜಿನ ಮೇಲಿನ ಪಾಚಿ ಬೆಳೆಯುತ್ತೆ, ಹವಳ ಬೆಳೆಯಲ್ಲ.

ಇನ್ನೊಂದು. ಹೊಸ ದೀಪ ತಂದ ಮೊದಲ ದಿನವೇ ಪೂರ್ತಿ ತಿರುಗಿಸಿ ಬಿಡಬೇಡಿ. ನೆರಳಲ್ಲಿದ್ದ ಸಸಿಯನ್ನು ಒಮ್ಮೆಲೇ ಏಪ್ರಿಲ್ ಬಿಸಿಲಿಗೆ ಇಟ್ಟರೆ ಏನಾಗುತ್ತೆ, ಅದೇ ಆಗುತ್ತೆ. ಕಾಲು ಭಾಗದಿಂದ ಶುರು ಮಾಡಿ, ಮೂರ್ನಾಲ್ಕು ವಾರದಲ್ಲಿ ನಿಧಾನಕ್ಕೆ ಏರಿಸಿ. ದಿನಕ್ಕೆ ಎಂಟರಿಂದ ಹತ್ತು ತಾಸು ಸಾಕು, ಟೈಮರ್ ಇದ್ದರೆ ನಿಮಗೆ ತಲೆನೋವಿಲ್ಲ.

ಆ ಟೈಮರ್ ಯಾವಾಗ ಇಡಬೇಕು ಗೊತ್ತಾ? ನಮ್ಮಲ್ಲಿ ಮನೆ ಕಾದು ಕೆಂಡವಾಗೋದು ಮಧ್ಯಾಹ್ನ ಎರಡರಿಂದ ಐದು. ಆಗ ದೀಪ ಆಫ್ ಇರಲಿ. ಸಂಜೆ ಐದಕ್ಕೆ ಹಚ್ಚಿ, ರಾತ್ರಿ ಒಂದಕ್ಕೆ ಆರಿಸಿ. ಹವಳಕ್ಕೆ ಸೂರ್ಯ ಎಷ್ಟು ಹೊತ್ತಿಗೆ ಹುಟ್ಟಿದ ಅನ್ನೋದು ಮುಖ್ಯ ಅಲ್ಲ, ಎಷ್ಟು ಹೊತ್ತು ಇದ್ದ ಅನ್ನೋದು ಮುಖ್ಯ. ಮನೆಮಂದಿಯೆಲ್ಲ ಸೇರಿ ನೋಡೋದೂ ಸಂಜೆ ಮೇಲೆಯೇ ಅಲ್ಲವೇ? ಕಿಟಕಿ ಪಕ್ಕ ಮಾತ್ರ ತೊಟ್ಟಿ ಇಡಬೇಡಿ. ಪಡುವಣ ಗೋಡೆಗೂ ಬೇಡ.

ಗಡಿಗೆಯ ಗುಟ್ಟು

ಹವಳದ ತೊಟ್ಟಿಗೆ 24ರಿಂದ 27 ಡಿಗ್ರಿ ಹಿತ. 29, 30 ದಾಟಿ ದಿನಗಟ್ಟಲೆ ನಿಂತರೆ ಅಪಾಯ. ಹೊರಗೆ 40 ಇರುವ ಊರಲ್ಲಿ ಇದು ಸಾಧ್ಯವಾ ಅಂತೀರಾ? ಮೂಲೆಯಲ್ಲಿ ಮರಳಿನ ಮೇಲೆ ಕೂತಿರುವ ಮಣ್ಣಿನ ಗಡಿಗೆಯನ್ನು ನೋಡಿ. ಯಾವ ಕರೆಂಟೂ ಇಲ್ಲದೆ ನೀರು ತಣ್ಣಗಿರುತ್ತೆ. ಮೈಯಿಂದ ಒಸರಿದ ನೀರು ಆವಿಯಾಗುತ್ತಾ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತೆ, ಅಷ್ಟೇ. ನಮ್ಮ ಒಣಹವೆಯಲ್ಲಿ ಇದು ಜೋರಾಗಿ ನಡೆಯುತ್ತೆ. ಮಂಗಳೂರಿನ ಬೆವರು ಹವೆಯಲ್ಲಿ ಇಷ್ಟು ಆಗಲ್ಲ. ನಮ್ಮ ಬಿಸಿಲಿಗೂ ಒಂದು ಲಾಭ ಇದೆ ನೋಡಿ!

ತೊಟ್ಟಿಯ ನೀರಿನ ಮೇಲೆ ಓರೆಯಾಗಿ ಗಾಳಿ ಬೀಸುವಂತೆ ಕಂಪ್ಯೂಟರಿನಲ್ಲಿರುವಂಥ 12 ವೋಲ್ಟಿನ ಮೂರ್ನಾಲ್ಕು ಸಣ್ಣ ಫ್ಯಾನು ಕಟ್ಟಿ. ಒಂದು ಲೀಟರ್ ನೀರು ಆವಿಯಾದರೆ 500 ಲೀಟರಿನ ತೊಟ್ಟಿಯನ್ನು ಒಂದು ಡಿಗ್ರಿಗಿಂತ ಹೆಚ್ಚು ಇಳಿಸುವಷ್ಟು ಶಾಖ ಹೋಗಿಬಿಡುತ್ತೆ. ಹೊರಗಿನಿಂದ ಬಿಸಿ ಬರುತ್ತಲೇ ಇರೋದರಿಂದ ಕೊನೆಗೆ ಉಳಿಯೋದು ಎರಡರಿಂದ ನಾಲ್ಕು ಡಿಗ್ರಿ ಇಳಿಕೆ. ಗಾಜಿನ ಮುಚ್ಚಳ ತೆಗೆದು ಸೊಳ್ಳೆಪರದೆಯಂಥ ಬಲೆ ಹಾಕಿ, ಇಲ್ಲದಿದ್ದರೆ ಬೆಳಿಗ್ಗೆ ಕಸ ಗುಡಿಸುವಾಗ ಮೀನು ಸಿಗುತ್ತೆ. ಫ್ಯಾನಿಗೆ ಒಂದು ಟೆಂಪರೇಚರ್ ಕಂಟ್ರೋಲರ್ ಸಿಕ್ಕಿಸಿದರೆ 27ಕ್ಕೆ ತಾನೇ ಓಡಿ, 26ಕ್ಕೆ ತಾನೇ ನಿಲ್ಲುತ್ತೆ.

ಆದರೆ ಇಲ್ಲೇ ಅನೇಕರು ಎಡವೋದು. ಆವಿಯಾಗಿ ಹೋಗೋದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತೆ. ಸಾರು ಕುದ್ದು ಕುದ್ದು ಉಪ್ಪಾದಂಗೆ! ಲೀಟರಿಗೆ 35 ಗ್ರಾಂ ಇರಬೇಕಾದ ಉಪ್ಪು ಏರುತ್ತಾ ಹೋಗುತ್ತೆ. ಅದಕ್ಕೆ ದಿನಾ ಕಡಿಮೆಯಾದಷ್ಟು ಸಿಹಿನೀರನ್ನೇ ಸೇರಿಸಬೇಕು, ಉಪ್ಪುನೀರನ್ನಲ್ಲ. ಗಾಜಿನ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟರೆ ಮಕ್ಕಳೂ ಮಾಡ್ತಾರೆ.

ಫ್ಯಾನಿನಲ್ಲಿ ಆಗದಿದ್ದರೆ ಚಿಲ್ಲರ್ ಅಂತ ಬರುತ್ತೆ. ಫ್ರಿಜ್ಜಿನ ತಮ್ಮ ಅನ್ನಿ. ನೀರಿನ ಬಿಸಿ ತೆಗೆದು ಕೋಣೆಗೆ ಉಗುಳುತ್ತೆ. ಅದನ್ನು ತೊಟ್ಟಿ ಕೆಳಗಿನ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದರೆ ತನ್ನ ಬಿಸಿಗೆ ತಾನೇ ಬೇಯುತ್ತೆ. ಗಾಳಿಯಾಡುವ ಕಡೆ, ಸಾಧ್ಯವಾದರೆ ಗೋಡೆಯಾಚೆ ವರಾಂಡದ ನೆರಳಿನಲ್ಲಿಡಿ.

ಈಗ ಬಿಲ್ಲಿನ ವಿಷಯ. 150 ವಾಟ್ ದೀಪ ಎಂಟು ತಾಸು ಅಂದ್ರೆ ತಿಂಗಳಿಗೆ 36 ಯೂನಿಟ್. ಹಗಲು ರಾತ್ರಿ ಓಡುವ 60 ವಾಟಿನ ಪಂಪುಗಳಿಗೆ 43. ಬೇಸಿಗೆಯಲ್ಲಿ 350 ವಾಟಿನ ಚಿಲ್ಲರ್ ದಿನಕ್ಕೆ ಹನ್ನೆರಡು ತಾಸು ಓಡಿದರೆ 126. ಒಟ್ಟು 205! ಮನೆಯ ಫ್ರಿಜ್ಜು, ಮಿಕ್ಸಿ, ಟಿವಿ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮ ತಲೆಗೇ. ಚಿಲ್ಲರ್ ಅಂಗಡಿಯವರು ಇದನ್ನು ಹೇಳಲ್ಲ, ಮಗನಿಗಂತೂ ಗೊತ್ತಿರಲ್ಲ. ಫ್ಯಾನುಗಳಾದರೆ ತಿಂಗಳಿಗೆ 15 ಯೂನಿಟ್ ಒಳಗೇ. ಹಾಗಾಗಿ ನನ್ನ ಸಲಹೆ: ಫ್ಯಾನಿನಲ್ಲೇ ಒಂದು ಬೇಸಿಗೆ ಕಳೆಯುವಂಥ ಕೋಣೆ ಹುಡುಕಿ. ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು, ಆರ್‌ಸಿಸಿ ಮನೆಗಿಂತ ಅದರ ಒಳಗೆ ಎಷ್ಟು ತಂಪು ನಿಮಗೇ ಗೊತ್ತು. ಆದರೆ ನೀರು, ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ ಈ ತೊಟ್ಟಿ ಮುಕ್ಕಾಲು ಟನ್ ಹತ್ತಿರ ತೂಗುತ್ತೆ. ಗಟ್ಟಿ ನೆಲದ ಮೇಲೆ ಮಾತ್ರ ಇಡಿ, ಮೇಲಂತಸ್ತಿನ ಯೋಚನೆ ಬಿಡಿ.

ಕರೆಂಟ್ ಹೋದರೆ?

ಅತ್ತಿಗೆಯ ಮನೆಯಲ್ಲಿ ಮೀನು ಸತ್ತಿದ್ದು ಬರೀ ಬಿಸಿಯಿಂದಲ್ಲ, ಉಸಿರುಕಟ್ಟಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತೆ, ಪಂಪು ನಿಂತರೆ ಅದೂ ತೀರುತ್ತೆ. ಆದ್ದರಿಂದ ಇನ್ವರ್ಟರಿಗೆ ಮೊದಲು ಕೊಡಬೇಕಾದ್ದು ನೀರು ತಿರುಗಿಸುವ ಪಂಪು, ಎರಡನೆಯದು ಫ್ಯಾನು. ದೀಪ ಒಂದು ದಿನ ಇಲ್ಲದಿದ್ದರೂ ಹವಳ ಸಾಯಲ್ಲ. ಚಿಲ್ಲರನ್ನು ಮನೆಯ ಇನ್ವರ್ಟರಿಗೆ ಹಾಕಬೇಡಿ, ಅದು ಶುರುವಾಗುವಾಗ ಎಳೆಯುವ ಕರೆಂಟಿಗೆ ಸಣ್ಣ ಇನ್ವರ್ಟರ್ ತಡೆಯಲ್ಲ. ಇನ್ವರ್ಟರ್ ಇಲ್ಲದವರು ಬ್ಯಾಟರಿಯಲ್ಲಿ ಓಡುವ ಗಾಳಿ ಪಂಪು ಒಂದನ್ನು ಇಟ್ಕೊಳ್ಳಿ. ನೀರು ತೀರಾ ಕಾದಾಗ ಐಸ್ ಗಡ್ಡೆ ನೇರ ಸುರಿಯಬೇಡಿ. ಮುಚ್ಚಳ ಬಿಗಿದ ಸಣ್ಣ ಬಾಟಲಿಯಲ್ಲಿ ನೀರು ಗಡ್ಡೆಗಟ್ಟಿಸಿ, ಒಂದೊಂದಾಗಿ ತೇಲಿಬಿಡಿ.

ಪ್ಲಗ್ಗಿಗೆ ಹೋಗುವ ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಆಮೇಲೆ ಮೇಲೇರಲಿ. ಜಾರಿಬಂದ ಉಪ್ಪುನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತೆ, ಸಾಕೆಟ್ಟಿಗೆ ಹೋಗಲ್ಲ. ಇಎಲ್‌ಸಿಬಿ ಹಾಕಿಸದೆ ಈ ತೊಟ್ಟಿ ಮಾಡಲೇಬೇಡಿ. ಇದು ಮೀನಿನ ಜೀವದ ಮಾತಲ್ಲ, ಕೈ ಹಾಕುವ ಮಕ್ಕಳ ಜೀವದ ಮಾತು. ಗುಂಡಿಯಂತಿರುವ ಪಾಲಿಪ್ ಹವಳಗಳಲ್ಲಿ ಕೆಲವಕ್ಕೆ ಕಡು ವಿಷ ಇರುತ್ತೆ. ಬರಿಗೈಲಿ ಉಜ್ಜಬೇಡಿ, ಅವು ಅಂಟಿದ ಕಲ್ಲನ್ನು ಶುಚಿ ಮಾಡ್ತೀನಿ ಅಂತ ಒಲೆ ಮೇಲೆ ಕುದಿಸಲೇಬೇಡಿ, ಆ ಹಬೆ ಇನ್ನೂ ಅಪಾಯ.

ನೀರು ಮತ್ತು ಕಾನೂನು

ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್, ಗಡಸುತನ ಎಲ್ಲರಿಗೂ ಗೊತ್ತಿದ್ದದ್ದೇ. ಹವಳಕ್ಕೆ ಅದು ಆಗಲ್ಲ, ಆರ್‌ಒ ನೀರೇ ಬೇಕು. ವಾರಕ್ಕೊಮ್ಮೆ ಬದಲಿಸೋಕೆ 50 ಲೀಟರ್, ಆವಿಯಾದದ್ದಕ್ಕೆ ಅಷ್ಟೇ. ಒಂದು ಲೀಟರ್ ಶುದ್ಧ ನೀರಿಗೆ ಮನೆಯ ಆರ್‌ಒ ಎರಡು ಮೂರು ಲೀಟರ್ ಹೊರಚೆಲ್ಲುತ್ತೆ, ಅದನ್ನು ಪಾತ್ರೆ ತೊಳೆಯೋಕೆ, ಬಚ್ಚಲಿಗೆ ಬಳಸಿ. ಮೇ ತಿಂಗಳಲ್ಲಿ ಶುದ್ಧ ನೀರಿನ ಘಟಕದ ಮುಂದೆ ಕ್ಯಾನಿನ ಸಾಲು ಇರುವಾಗ ಮೀನಿನ ತೊಟ್ಟಿಗೆ ಐದು ಕ್ಯಾನ್ ಒಯ್ಯೋದು ನನಗಂತೂ ಮನಸ್ಸು ಒಪ್ಪಲ್ಲ. ಮಳೆನೀರು ಕೊಯ್ಲು ಇದ್ದವರಿಗೆ ಆ ಮುಜುಗರ ಇಲ್ಲ, ಸೋಸಿದ ಮಳೆನೀರನ್ನೇ ಆರ್‌ಒಗೆ ಹಾಕಬಹುದು.

ಇನ್ನು ಕಾನೂನು. ಕಡಲಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೂ, ಕಡಲ್ಗುದುರೆಯನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು. ಅಂದರೆ ನಮ್ಮ ಗುಡೇಕೋಟೆಯ ಕರಡಿಗೆ ಯಾವ ರಕ್ಷಣೆಯೋ ಅದಕ್ಕೂ ಅದೇ. ಮುರ್ಡೇಶ್ವರಕ್ಕೆ ಹೋದಾಗ ನೇತ್ರಾಣಿ ಕಡೆಯದು ಅಂತ ಯಾರಾದರೂ ಹವಳದ ತುಂಡು ಕೈಗಿಟ್ಟರೆ ಮುಟ್ಟಬೇಡಿ. ಅಂಗಡಿಯಲ್ಲೂ ಗಟ್ಟಿ ಹವಳ ಕೇಳಬೇಡಿ. ಬೇರೆ ಏನೇ ಕೊಂಡರೂ ಬಿಲ್ಲು, ಎಲ್ಲಿಂದ ಬಂದದ್ದು ಅನ್ನೋ ಕಾಗದ ಕೇಳಿ. ಕೊಡಲ್ಲ ಅಂದರೆ ಬಿಟ್ಟುಬನ್ನಿ. ಕ್ಲೌನ್ ಮೀನನ್ನು ನಮ್ಮ ದೇಶದಲ್ಲೇ, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮರಿ ಮಾಡಿಸಿ ತೋರಿಸಿದ್ದಾರೆ. ಸಾಕಿ ಬೆಳೆಸಿದ ಮೀನು ಕೇಳಿ ತಗೊಳ್ಳಿ.

ಇಷ್ಟೆಲ್ಲ ಓದಿ ತಲೆ ಗಿರ್ ಅಂತಿದ್ದರೆ ಒಂದು ಸುಲಭ ದಾರಿ ಇದೆ. ಸಿಹಿನೀರಿನ ಗಪ್ಪಿ, ಮೊಲ್ಲಿ ನಮ್ಮ ಬಿಸಿಲಿಗೆ ಎಷ್ಟೋ ಮೇಲು. ಎರಡು ಬೇಸಿಗೆ ಅವನ್ನು ಉಳಿಸಿ ತೋರಿಸು, ಆಮೇಲೆ ಹವಳದ ಮಾತು ಅಂತ ಮಗನಿಗೆ ಹೇಳಿ.

ಅತ್ತಿಗೆಯ ಮಗ ಆ ತೊಟ್ಟಿಯನ್ನು ಒಂದು ವರ್ಷ ಖಾಲಿ ಇಟ್ಟಿದ್ದ. ಸಾಲ ತೀರಿದ ಮೇಲೆ, ತಾನೇ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಎಲ್ಇಡಿ, ನಾಲ್ಕು ಫ್ಯಾನು, ಕಂಟ್ರೋಲರ್ ತಂದು ಮತ್ತೆ ಶುರು ಮಾಡಿದ. ತೊಟ್ಟಿ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿದ್ದಾನೆ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ನಾಲ್ಕಕ್ಕೆ ಡಿಗ್ರಿ ಬರೆಯೋದು, ಅವನು ಕಾಲೇಜಿಗೆ ಹೋದಾಗ ಅತ್ತಿಗೆಯ ಕೆಲಸ. ಮೊನ್ನೆ ಅಲ್ಲಿಗೆ ಹೋದಾಗ ತಿರುವಿಹಾಕಿ ನೋಡಿದೆ. ಏಪ್ರಿಲ್ ಕೊನೆಯ ವಾರದಲ್ಲಿ ನಾಲ್ಕು ಗಂಟೆಯ ಸಾಲಿನಲ್ಲಿ 28, 28, 27.5. ಒಂದು ದಿನದ ಮುಂದೆ ಮಾತ್ರ ‘ಕರೆಂಟ್ ಇಲ್ಲ, ಗಾಳಿ ಪಂಪು ಹಾಕೀನಿ, ಬಾಟಲಿ ಎರಡು ಬಿಟ್ಟೀನಿ’ ಅಂತ ಅತ್ತಿಗೆಯ ಕೈಬರಹ.