ಹಿಂಗಾರದ ಮಗಳ ಕಥೆ ಯಾರ ಕಥೆ?

ಅಜ್ಜಿಕಥೆ ಅಂದರೆ ಮಕ್ಕಳನ್ನು ಮಲಗಿಸುವ ಉಪಾಯ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ಅಂಥವರು ಒಮ್ಮೆ ಹುಣ್ಣಿಮೆ ರಾತ್ರಿಯ ಸಿರಿ ಜಾತ್ರೆಗೆ ಹೋಗಿ ಬರಬೇಕು. ಮೂಡಬಿದ್ರೆಯವರಿಗೆ ನಂದಳಿಕೆ, ಕವತಾರು ಏನೂ ದೂರವಲ್ಲ ಮಾರಾಯ್ರೆ.

ಕಥೆ ಗೊತ್ತಿದ್ದದ್ದೇ. ಸತ್ಯನಾಪುರದ ಮುದುಕ ಬಿರ್ಮಾಳ್ವರಿಗೆ ದೇವರ ಪ್ರಸಾದದ ಹಿಂಗಾರದಿಂದ ಸಿಕ್ಕಿದ ಮಗಳು ಸಿರಿ. ಗಂಡ ಬಸ್ರೂರಿನ ಕಾಂತು ಪೂಂಜ. ಬಸುರಿ ಹೆಂಡತಿಯ ಬಯಕೆಗೆಂದು ತಂದ ಸೀರೆಯನ್ನು ಆತ ಮೊದಲು ಸೂಳೆ ಸಿದ್ದುವಿಗೆ ಉಡಲು ಕೊಟ್ಟ. ಸಿರಿ ಆ ಸೀರೆ ಬೇಡವೆಂದಳು. ಕೊನೆಗೆ 'ಬರ' ಹೇಳಿ ಸಂಬಂಧವನ್ನೇ ಕಡಿದು, ಮಗು ಕುಮಾರನೊಂದಿಗೆ ಹೊರಟಳು. ಮೊಮ್ಮಕ್ಕಳು ಅಬ್ಬಗ, ದಾರಗ ಚೆನ್ನೆಮಣೆಯ ಮುಂದೆ ಜಗಳವಾಡಿ ಜೀವ ಕಳೆದುಕೊಂಡರು.

ಹೂವಿನಿಂದ ಹುಟ್ಟಿದ ಹುಡುಗಿ ಪರದೇಶದಲ್ಲೂ ಇದ್ದಾಳೆ. ಡೆನ್ಮಾರ್ಕಿನ ಆಂಡರ್ಸನ್ 1835ರಲ್ಲಿ ಪ್ರಕಟಿಸಿದ ತಂಬಲಿನಾ ಅಂಥವಳೇ. ಅವಳಿಗೆ ರಾಜಕುಮಾರ ಸಿಕ್ಕಿದಲ್ಲಿಗೆ ಕಥೆ ಖಲಾಸ್. ನಮ್ಮ ಸಿರಿಯ ಕಷ್ಟ ಮದುವೆಯ ನಂತರವೇ ಶುರು. ಹಾಗಾಗಿಯೇ ಅದು ನಮ್ಮ ಹೆಂಗಸರಿಗೆ ತಮ್ಮದೇ ಕಥೆಯಂತೆ ಕಾಣುವುದು.

ಜಾತ್ರೆಯಲ್ಲಿ ಹಿಂಗಾರ ಹಿಡಿದ ಹೆಂಗಸರು ಆವೇಶ ಬಂದಾಗ ಪಾಡ್ದನದ ಧಾಟಿಯಲ್ಲೇ ತಾನು ಸಿರಿ, ತಾನು ದಾರಗ ಎನ್ನುತ್ತಾರೆ. ಕುಮಾರನ ಪಾತ್ರಿ ಮಾತಾಡಿಸುತ್ತಾನೆ. ಹಗಲು ಬಾಯಿ ತೆರೆದರೆ ಗಯ್ಯಾಳಿ ಎನಿಸಿಕೊಳ್ಳುವ ಸೊಸೆ, ರಾತ್ರಿ ಸಿರಿಯಾಗಿ ಹೇಳಿದರೆ ಮನೆಯವರು ಕೈಮುಗಿದು ಕೇಳಬೇಕಾಗುತ್ತದೆ. ನೋವು ತನ್ನದು, ಹೆಸರು ಸಿರಿಯದು. ಹಾಡಿನಿಂದ ಆಗುವ ಉಪಕಾರ ಇದೇ.

ಈ ಹಾಡು ಸಣ್ಣದಲ್ಲ. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡರ ತಂಡಕ್ಕೆ ಹಾಡಿದ್ದು 15,683 ಸಾಲು. 1998ರಲ್ಲಿ ಅಚ್ಚಾಯಿತು. ಅದಕ್ಕೂ ಎಷ್ಟೋ ಮೊದಲು, ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಕೋಟಿ ಚೆನ್ನಯರ ಪಾಡ್ದನವನ್ನು ಕನ್ನಡ ಗದ್ಯಕ್ಕೆ ತಂದಿದ್ದರು.

ಪುಸ್ತಕವೇನೋ ಉಂಟು. ಆದರೆ ಹಾಡುವ ಬಾಯಿ? ಗದ್ದೆ ಅಡಿಕೆ ತೋಟವಾದಲ್ಲಿ ನೇಜಿ ನೆಡುವ ಹೆಂಗಸರ ಸಾಲೂ ಇಲ್ಲ, ಆ ಸಾಲಿನ ಹಾಡೂ ಇಲ್ಲ.

ನಿಮ್ಮ ಮನೆಯಲ್ಲಿ ಪಾಡ್ದನ ಬಲ್ಲ ಅಜ್ಜಿ ಇದ್ದರೆ ಇವತ್ತು ಅಂಗಡಿ ಬಾಗಿಲು ಹಾಕಿ ಹೋದ ಮೇಲೆ ಟಿ.ವಿ. ಆರಿಸಿ, ಒಂದು ತುಂಡು ಹೇಳಿಸಿ. ಎಲ್ಲಿ ತಡೆದು ನಿಲ್ಲುತ್ತಾರೋ ಗಮನಿಸಿ. ಇಷ್ಟು ವರ್ಷ ನಾವು ಕೇಳದೆ ಬಿಟ್ಟ ಸಂಗತಿ ಅಲ್ಲೇ ಇದ್ದೀತು.