ಬೀಗ ಯಾರ ಕಾವಲಿಗೆ?

ಶಹಾಪುರದ ಹತ್ತಿ ಬೆಳೆಗಾರನಿಗೂ ಸುರಪುರದ ಕಿರಾಣಿ ಅಂಗಡಿಯವನಿಗೂ ಕಂಪ್ಯೂಟರ್ ಎಂದರೆ ಬಹುಮಟ್ಟಿಗೆ ಕೈಯಲ್ಲಿರುವ ಆಂಡ್ರಾಯ್ಡ್ ಫೋನೇ. ಮಾರುಕಟ್ಟೆ ದರ ನೋಡುವುದು, ದುಡ್ಡು ಕಳಿಸುವುದು, ಪಹಣಿ ತೆಗೆಯುವುದು ಎಲ್ಲಾ ಅದರಲ್ಲೇ. ಯಾದಗಿರಿಯಲ್ಲಿ ಹೊಸ ಫೋನಿನ ಡಬ್ಬಿ ಬಿಚ್ಚಿದರೆ ಗೂಗಲ್, ಯೂಟ್ಯೂಬ್, ಪ್ಲೇ ಸ್ಟೋರ್ ಸಾಮಾನ್ಯವಾಗಿ ಮೊದಲೇ ಕೂತಿರುತ್ತವೆ. ಇದಕ್ಕೆ ಕಾರಣ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಕರಾರು. ಆಂಡ್ರಾಯ್ಡ್‌ನ ಮೂಲ ಕೋಡ್ ಮುಕ್ತ. ಯಾರಾದರೂ ಇಳಿಸಿಕೊಂಡು ತಿದ್ದಬಹುದು. ಆದರೆ ಪ್ಲೇ ಸ್ಟೋರ್ ಮತ್ತು ಆ್ಯಪ್‌ಗಳಿಗೆ ನಕ್ಷೆ, ನೋಟಿಫಿಕೇಶನ್ ಒದಗಿಸುವ ಪ್ಲೇ ಸರ್ವಿಸಸ್ ಗೂಗಲ್‌ನ ಸ್ವಂತ ಸೊತ್ತು. ಅವು ಬೇಕೆಂದರೆ ಗೂಗಲ್‌ನ 11 ಆ್ಯಪ್‌ಗಳನ್ನು ಒಟ್ಟಿಗೇ ಹಾಕಬೇಕಿತ್ತು. ಗೂಗಲ್‌ನ ಹೊಂದಾಣಿಕೆ ನಿಯಮ ಮೀರಿ ತಿದ್ದಿದ ಆಂಡ್ರಾಯ್ಡ್ ಇರುವ ಫೋನನ್ನು ತಯಾರಕ ಮಾರುವಂತಿರಲಿಲ್ಲ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ₹1,337.76 ಕೋಟಿ ದಂಡ ಹಾಕಿದ್ದು ಇದಕ್ಕೇ. ಮರುವರ್ಷ ಜನವರಿಯಲ್ಲಿ ಗೂಗಲ್ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಕೊಡಲು ಒಪ್ಪಿತು. ಒಪ್ಪಿದ ಮೇಲೂ ಫೋನ್ ಕೆಡಲಿಲ್ಲ, ಅಂದಮೇಲೆ ಆ ಗಂಟು ತಾಂತ್ರಿಕವಾಗಿ ಅನಿವಾರ್ಯವಾಗಿರಲಿಲ್ಲ.

ಹಾಗೆಂದು ನಿರ್ಬಂಧಗಳೆಲ್ಲ ತಪ್ಪಲ್ಲ. ಪಿಎಂ ಕಿಸಾನ್ ಹೆಸರಿನ ನಕಲಿ ಎಪಿಕೆ (ಆ್ಯಪ್ ಅಳವಡಿಸುವ) ಫೈಲುಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಒತ್ತಿದವರ ಖಾತೆ ಖಾಲಿಯಾಗುತ್ತದೆ. ಪ್ಲೇ ಸ್ಟೋರಿನ ಹೊರಗಿನ ಆ್ಯಪ್‌ಗೆ ತಡೆ ಬೇಕೆಂಬ ಗೂಗಲ್‌ನ ವಾದಕ್ಕೆ ಇಲ್ಲಿ ತೂಕವಿದೆ. ಆದರೆ ಪ್ರತಿ ಆ್ಯಪ್ ತಯಾರಕನ ಡಿಜಿಟಲ್ ಸಹಿ ಹೊತ್ತಿರುತ್ತದೆ. ಗೂಗಲ್‌ನದೇ ಪ್ಲೇ ಪ್ರೊಟೆಕ್ಟ್ ಹೊರಗಿನಿಂದ ಬಂದ ಆ್ಯಪ್‌ಗಳನ್ನೂ ತಪಾಸಣೆ ಮಾಡುತ್ತದೆ. ತಪಾಸಣೆ ಬೇರೆ, ಅಂಗಡಿಯ ಏಕಸ್ವಾಮ್ಯ ಬೇರೆ. ಆ್ಯಪ್‌ನೊಳಗಿನ ಹಣ ಪಾವತಿಯ ನಿಯಮದಲ್ಲಂತೂ ಸುರಕ್ಷತೆಯ ನೆಪವೂ ತೆಳುವಾಗುತ್ತದೆ: ಆ್ಯಪ್ ತಯಾರಕ ಬೇರೆ ಪಾವತಿ ವ್ಯವಸ್ಥೆ ಬಳಸಿದರೆ ಗೂಗಲ್ ತನ್ನ ಕಮಿಷನ್‌ನಲ್ಲಿ ಬಿಟ್ಟದ್ದು ಶೇ 4 ಮಾತ್ರ. ತಡೆಯಿಂದ ಬಳಕೆದಾರನಿಗೆ ಸಿಗುವ ರಕ್ಷಣೆಯನ್ನು ಇನ್ನೂ ಸಡಿಲ ಉಪಾಯದಿಂದ ಕೊಡಲು ಸಾಧ್ಯವೇ? ಸಾಧ್ಯವಾದರೆ ಆ ತಡೆ ಕಾಯುತ್ತಿರುವುದು ಕಂಪನಿಯ ಗಲ್ಲಾಪೆಟ್ಟಿಗೆಯನ್ನು ಎಂದೇ ನನ್ನ ಲೆಕ್ಕ.

ಗೂಗಲ್ ಆಂಡ್ರಾಯ್ಡನ್ನು ಪುಕ್ಕಟೆ ಕೊಟ್ಟಿದ್ದರಿಂದಲೇ ಫೋನ್ ಅಗ್ಗವಾಯಿತಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ದೊಡ್ಡದಾಗುವುದನ್ನು ತಪ್ಪೆನ್ನುವುದಿಲ್ಲ. ದೊಡ್ಡತನ ಬಳಸಿ ಇನ್ನೊಬ್ಬರ ದಾರಿ ಕಟ್ಟುವುದನ್ನು ತಪ್ಪೆನ್ನುತ್ತದೆ. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದರೂ ನಾಲ್ಕು ನಿರ್ದೇಶನಗಳನ್ನು ಕೈಬಿಟ್ಟಿತು. ಬೇರೆ ಆ್ಯಪ್ ಅಂಗಡಿಗಳಿಗೆ ಪ್ಲೇ ಸ್ಟೋರಿನೊಳಗೆ ಜಾಗ ಕೊಡಬೇಕು ಎಂಬುದು ಅವುಗಳಲ್ಲೊಂದು. ನನ್ನ ಮಟ್ಟಿಗೆ ಕೈಬಿಡಬಾರದಿದ್ದದ್ದು ಅದೇ. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರುವರಿಯಲ್ಲಿ ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಇಂಡಸ್ ಆ್ಯಪ್‌ಸ್ಟೋರ್ ತೆರೆಯಿತು. ಫೋನಿನಲ್ಲಿ ಅದು ಮೊದಲೇ ಇರದಿದ್ದರೆ, ಸುರಪುರದ ಬಳಕೆದಾರ ವೆಬ್‌ಸೈಟಿನಿಂದ ಎಪಿಕೆ ಇಳಿಸಿಕೊಂಡು, ನಕಲಿ ಪಿಎಂ ಕಿಸಾನ್‌ಗೆ ಬರುವಂಥದೇ ಎಚ್ಚರಿಕೆಯ ಪರದೆಯನ್ನು ದಾಟಬೇಕು.